ಛಂದ ಎಂದು ಕೆಟ್ಟ ಮೂಗು

ಹನುಮವ್ವನಿಗೆ ಸಿಟ್ಟು ಮೂಗಿನ ತುದಿಯ ಮೇಲೆಯೇ ಇರುತ್ತದೆ ಎಂದು ಸಪ್ತಾಪುರದ ಆಕೆಯ ಓಣಿಯ ಜನ ಹೇಳುತ್ತಾರೆ. ಆ ಮೂಗೂ ಡೊಂಕು. ಹಾಗಾಗಿ ಸಿಟ್ಟು ಯಾವ ಕಡೆಗೆ ಜಾರಿ ಯಾರ ಮೇಲೆ ಬೀಳುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಹಾಲಿಗೆ ನೀರು ಬೆರೆಸಿದವನ ಮೇಲೆ ಬಿದ್ದದ್ದುಂಟು, ಗೇಟಿಗೆ ಅಡ್ಡ ಬೈಕು ನಿಲ್ಲಿಸಿದ ಕಾಲೇಜು ಹುಡುಗರ ಮೇಲೆ ಬಿದ್ದದ್ದುಂಟು. ಗಂಡ ನೀಲಪ್ಪನ ಮೇಲಂತೂ ಬೀಳದ ದಿನವೇ ಇಲ್ಲ. ಅವನು ತನ್ನ ಜೆರಾಕ್ಸ್ ಅಂಗಡಿಯ ಮಷೀನಿನ ಹಿಂದೆ ತಲೆ ತಗ್ಗಿಸಿ ನಿಂತು ಅದನ್ನು ಮಳೆ ಬಂದು ಹೋದಂತೆ ಹೋಗಗೊಡುತ್ತಾನೆ. ಕಳೆದ ವರ್ಷ ಮಾತ್ರ ಆ ಸಿಟ್ಟು ಒಂದು ಆರೋಗ್ಯ ವಿಮಾ ಕಂಪನಿಯ ಮೇಲೆ ಬಿತ್ತು. ಬೀಳಬೇಕಾದ ಜಾಗದಲ್ಲೇ ಬಿತ್ತು.

ಮೊದಲು ಮೂಗಿನ ಕಥೆ. ಹನುಮವ್ವ ಗರಗದ ಮಗಳು. ಅಪ್ಪ ಖಾದಿ ನೇಯುತ್ತಿದ್ದ. ಮಗಳು ಮಗ್ಗದ ಮುಂದೆ ಕೂರುವವಳಲ್ಲ ಎಂಬುದು ಆಕೆ ನಡೆಯಲು ಕಲಿತ ದಿನವೇ ಅವನಿಗೆ ತಿಳಿದಿತ್ತು. ಧಾರವಾಡದ ಕಾಲೇಜಿಗೆ ಬಂದು ಕಬಡ್ಡಿ ತಂಡ ಸೇರಿದಳು. ಫೈನಲ್ ಪಂದ್ಯದಲ್ಲಿ ರೇಡ್ ಹೋದಾಗ ಎದುರಾಳಿಯ ಮೊಣಕಾಲು ನೇರ ಮೂಗಿಗೇ ಬಡಿಯಿತು. ರಕ್ತ ಧಾರಾಕಾರ. ಹಾಗಿದ್ದೂ ಕಬಡ್ಡಿ ಕಬಡ್ಡಿ ಎನ್ನುವ ಉಸಿರು ಬಿಡದೆ, ಕಾಲು ಹಿಡಿದವರನ್ನು ಎಳೆದುಕೊಂಡೇ ಬಂದು ಗೆರೆ ಮುಟ್ಟಿ, ಆಮೇಲೆ ಮೂರ್ಛೆ ಹೋದಳು. ಊರಿಂದ ಓಡಿ ಬಂದ ಅಪ್ಪ ಮಗಳ ಮುಖ ನೋಡಿ ಕೇಳಿದ್ದು ಒಂದೇ ಮಾತು: “ಪಾಯಿಂಟ್ ಬಂತೋ ಇಲ್ಲೋ?” ಬಂದಿತ್ತು. ಮೂಗಿಗೆ ಅರಿಶಿಣದ ಪಟ್ಟು ಹಾಕಿದರು, ಬಾವು ಇಳಿಯಿತು, ಡೊಂಕು ಉಳಿಯಿತು.

ಹೆಣ್ಣು ನೋಡಲು ಬಂದ ದಿನ ಅತ್ತೆಯಾಗುವವಳು, ಸಂಗವ್ವ, ಅವಲಕ್ಕಿ ತಿನ್ನುತ್ತ ಪಕ್ಕದವಳ ಕಿವಿಯಲ್ಲಿ, “ಹುಡುಗಿ ಛಲೋ ಅದಾಳ, ಮೂಗೊಂದು…” ಎಂದಳು. ಒಳಗಿನಿಂದ ಉತ್ತರ ಬಂತು: “ಮೂಗು ಡೊಂಕಿದ್ರ ಇರ್ಲಿ ಬಿಡ್ರಿ, ಮನಿತನ ಸೀದಾ ನಡಸ್ತೇನಿ.” ನೀಲಪ್ಪ ಆ ಒಂದು ಮಾತಿಗೇ ಮರುಳಾಗಿ ಹೂಂ ಎಂದ. ಅದರ ದಂಡವನ್ನು ಇವತ್ತಿಗೂ ಕಟ್ಟುತ್ತಿದ್ದಾನೆ, ಸಂತೋಷದಿಂದಲೇ.

ಇದನ್ನೆಲ್ಲ ಹೇಳಿದ್ದೇಕೆಂದರೆ, ಈ ಹೆಂಗಸು ಜನ್ಮದಲ್ಲಿ ಒಮ್ಮೆಯೂ ತನ್ನ ಮೂಗಿನ ಅಂದಕ್ಕಾಗಿ ಕನ್ನಡಿ ನೋಡಿದವಳಲ್ಲ. ಕನ್ನಡಿಯಲ್ಲಿ ಆಕೆ ನೋಡುವುದು ಕುಂಕುಮ ಮಧ್ಯದಲ್ಲಿದೆಯೋ ಇಲ್ಲವೋ ಎಂದು, ಅಷ್ಟೇ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ಸೇರಿದ ಮೇಲೆ ಹುಡುಗಿಯರು ಎದುರಿಗೆ ‘ಅಕ್ಕೋರು’ ಎಂದೂ ಬೆನ್ನ ಹಿಂದೆ ‘ಡೊಂಕ ಮೂಗಿನ ಅಕ್ಕೋರು’ ಎಂದೂ ಕರೆದರು. ಆಕೆಗೆ ಗೊತ್ತಿತ್ತು. ಅದು ತಾನು ಆಡಿ ಗಳಿಸಿದ ಹೆಸರು ಎಂದುಕೊಂಡು ಸುಮ್ಮನಿದ್ದಳು.

ನಲವತ್ತು ದಾಟಿದ ಮೇಲೆ ಮೂಗು ಸೇಡು ತೀರಿಸಿಕೊಳ್ಳತೊಡಗಿತು. ಒಂದು ಹೊಳ್ಳೆ ಪೂರ್ತಿ ಮುಚ್ಚಿತು, ಇನ್ನೊಂದು ಮನಸ್ಸು ಬಂದಾಗ ತೆರೆಯಿತು. ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ ಎನ್ನುತ್ತಾರಲ್ಲ, ಹನುಮವ್ವನ ಬಾಯಿ ಮಲಗಿದಾಗ ತೆರೆದೇ ಇರುತ್ತಿತ್ತು. ಉಸಿರು ಕಟ್ಟಿ ಎದ್ದು ಕೂರುವಳು. ಬೆಳಗಾದರೆ ತಲೆ ಭಾರ, ಮೈ ಭಾರ. ಆದರೂ ಡಾಕ್ಟರ ಹತ್ತಿರ ಹೋಗಲಿಲ್ಲ.

ಹೋಗುವಂತೆ ಮಾಡಿದ್ದು ಮೈದಾನ. ತಂಡದ ಹೊಸ ಹುಡುಗಿಯರಿಗೆ ರೇಡ್ ತೋರಿಸಲು ಗೆರೆ ದಾಟಿದಳು. ಕಬಡ್ಡಿಯಲ್ಲಿ ಕಾಲಿಗಿಂತ ಉಸಿರು ದೊಡ್ಡದು. ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತ ಹೋಗಿ, ಆ ಉಸಿರು ಮುಗಿಯುವುದರೊಳಗೆ ಮರಳಬೇಕು. ಹನುಮವ್ವನ ಉಸಿರು ಅರ್ಧದಲ್ಲೇ ಕಡಿಯಿತು. ಮೈದಾನದ ನಡುವೆ ಮೊಣಕಾಲಿಗೆ ಕೈಯೂರಿ ಬಾಯಿ ತೆರೆದು ಏದುಸಿರು ಬಿಡುತ್ತ ನಿಂತಳು. ಯಾವ ಹುಡುಗಿಯೂ ಆಕೆಯನ್ನು ಹಿಡಿಯಲು ಬರಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ನಕ್ಕಿದ್ದರೆ ಬೈಯಬಹುದಿತ್ತು. ಅವರು ಅಯ್ಯೋ ಪಾಪ ಎಂದುಕೊಂಡದ್ದನ್ನು ಮಾತ್ರ ಹನುಮವ್ವನಿಗೆ ತಡೆಯಲಾಗಲಿಲ್ಲ. ಅವತ್ತು ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತಳು.

ಹುಬ್ಬಳ್ಳಿಯ ಕಿವಿ-ಮೂಗು-ಗಂಟಲಿನ ಡಾಕ್ಟರು ಮೃಣಾಲಿನಿ ಎಂಬವರು. ಮೂಗಿನೊಳಗೆ ದೀಪ ಬಿಟ್ಟು ನೋಡಿ, “ಒಳಗಿನ ಗ್ವಾಡಿ ಪೂರಾ ವಾಲೇದ, ಮ್ಯಾಲಿನ ಎಲಬೂ ಒಳಗ ಕುಸದದ. ಎರಡೂ ಕೂಡೇ ಸರಿ ಮಾಡಿದ್ರನ ಗಾಳಿ ಆಡ್ತದ. ಬರೇ ಒಳಗಿಂದಷ್ಟ ಮಾಡಿದ್ರ ಉಪಯೋಗ ಇಲ್ರಿ,” ಎಂದರು. ದೀಪ ತೆಗೆದು, “ಆದ್ರ ನೋಡಾಕ ಮೂಗು ಪೂರಾ ಸೀದಾ ಆಗ್ತದ ಅಂತ ಆಶಾ ಇಟ್ಕೋಬ್ಯಾಡ್ರಿ. ಭಾಳ ಹಳೀ ಪೆಟ್ಟು,” ಎಂದರು.

“ಅದು ಯಾರಿಗೆ ಬೇಕಾಗೇತ್ರಿ? ಉಸಿರು ಸೀದಾ ಆದ್ರ ಸಾಕು,” ಎಂದಳು ಹನುಮವ್ವ.

ಕೈಯಿಂದ ಹಾಕಿ ಆಪರೇಷನ್ ಮಾಡಿಸುವ ಶಕ್ತಿ ಇರಲಿಲ್ಲ. ಆದರೆ ಪಾಲಿಸಿ ಇತ್ತಲ್ಲ! ಅದನ್ನು ಮಾಡಿಸಿದವನು ಶಶಿಕುಮಾರ, ನೀಲಪ್ಪನ ಕಾಕಾನ ಮಗ. ವಿಮೆಯ ಏಜೆಂಟು. ಇಸ್ತ್ರಿ ಮುರಿಯದ ಅಂಗಿ, ಸಕ್ಕರೆಯಂಥ ಮಾತು. ವರ್ಷಗಳ ಹಿಂದೆ ಇದೇ ಮನೆಯಲ್ಲಿ ಕೂತು, ಇದೇ ಅತ್ತಿಗೆ ಹನುಮವ್ವ ಮಾಡಿದ ಗಿರಮಿಟ್ಟು ಎರಡು ಸಲ ಹಾಕಿಸಿಕೊಂಡು, “ವೈನಿ, ಉಗುರಿನಿಂದ ನೆತ್ತಿ ತನಕ ಎಲ್ಲಾ ಇದರಾಗ ಬರ್ತದ. ನೀವು ಆರಾಮ ಮಲಕೋರಿ, ಉಳದದ್ದು ನಾ ನೋಡ್ಕೋತೇನಿ,” ಎಂದಿದ್ದ. ಮೂಗಿಗೆ ತುಪ್ಪ ಸವರುವುದೆಂದರೆ ಇದು. ವಾಸನೆ ಘಮಘಮ, ನಾಲಿಗೆಗೆ ಏನೂ ಇಲ್ಲ.

ಆದರೂ ಎಲ್ಲ ಸರಿಯಾಗಿಯೇ ಶುರುವಾಯಿತು. ಪಾಲಿಸಿ ಹಳೆಯದು, ಕಾಯುವ ಅವಧಿ ಎಂಬುದೂ ಮುಗಿದಿತ್ತು. ಡಾಕ್ಟರು ಉಸಿರಾಟಕ್ಕೆ ಅಡ್ಡಿ ಇದೆ ಎಂದು ಸ್ಪಷ್ಟವಾಗಿ ಬರೆದುಕೊಟ್ಟಿದ್ದರು. ಆಮೇಲೆ ಒಂದು ಸಂಜೆ ಬೆಂಗಳೂರಿನಿಂದ ಕಂಪನಿಯ ಫೋನು ಬಂತು. ಹುಡುಗಿಯ ದನಿ, ಬೆಣ್ಣೆಯಂಥ ಕನ್ನಡ.

“ಈ ಕರೆ ರೆಕಾರ್ಡ್ ಆಗ್ತಿದೆ ಮೇಡಂ. ಒಂದೇ ಪ್ರಶ್ನೆ. ಈ ಆಪರೇಷನ್ ನೀವು ಯಾಕೆ ಮಾಡಿಸ್ಕೊಳ್ತಾ ಇದ್ದೀರಾ?”

ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ಒಂದು ಕೈಯಲ್ಲಿ ಇಕ್ಕಳ ಹಿಡಿದು ಹನುಮವ್ವ ಹೇಳಿದಳು: “ಯಾಕಂದ್ರ? ಮೂಗು ಛಂದ ಆಗ್ಲಿ ಅಂತ್ರಿ ಮತ್ತ.”

“ಚಂದ ಆಗ್ಲಿ ಅಂತ. ಓಕೆ ಮೇಡಂ, ಥ್ಯಾಂಕ್ ಯೂ,” ಎಂದಿತು ಬೆಣ್ಣೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಸೀಮೆಯಲ್ಲಿ ಮಗು ಛಂದ ಉಂಡಿತು ಎಂದರೆ ಹೊಟ್ಟೆ ತುಂಬ ಉಂಡಿತು ಎಂದು. ಮೋಟರು ಛಂದ ನಡೆಯಿತು ಎಂದರೆ ನಡುವೆ ಕೆಟ್ಟು ನಿಲ್ಲಲಿಲ್ಲ ಎಂದು. ಜ್ವರ ಬಿಟ್ಟವನು ಛಂದ ಆದ ಎನ್ನುತ್ತಾರೆ, ಅವನು ಎಷ್ಟೇ ಕುರೂಪಿಯಾಗಿದ್ದರೂ. ಆದರೆ ತುಂಗಭದ್ರೆ ದಾಟಿ ಆ ಕಡೆ ಹೋದರೆ ಚಂದ ಎಂದರೆ ಮೊದಲು ನೆನಪಾಗುವುದು ರೂಪ. ಆ ಹುಡುಗಿಯದು ತಪ್ಪೆನ್ನಲು ಬರುವುದಿಲ್ಲ. ಕೇಳಿದ್ದನ್ನು ಟೈಪು ಮಾಡಿದಳು. ತಪ್ಪು, ಆ ಒಂದು ಮಾತು ಸಿಕ್ಕಿತೆಂದು ಕುಣಿದಾಡಿದವರದ್ದು.

ನಾಲ್ಕಾರು ದಿನದಲ್ಲಿ ಮೊಬೈಲಿಗೆ ಸಂದೇಶ ಬಂತು. ನಿಮ್ಮ ಕೋರಿಕೆ ತಿರಸ್ಕೃತವಾಗಿದೆ. ಸೌಂದರ್ಯ ಚಿಕಿತ್ಸೆಗೆ ಈ ಪಾಲಿಸಿಯಲ್ಲಿ ಅವಕಾಶವಿಲ್ಲ. ಹನುಮವ್ವ ಅದನ್ನು ಓದಿ, ಇನ್ನೊಮ್ಮೆ ಓದಿ, ಅಂಗಡಿಗೆ ಹೋಗಿ ಗಂಡನ ಮುಂದೆ ಹಿಡಿದಳು. “ನಾನು? ಸೌಂದರ್ಯ?” ಎಂದಳು. ನೀಲಪ್ಪ ಏನೋ ಸಮಾಧಾನ ಹೇಳಬೇಕೆಂದು, “ನೀ ಈಗೂ ಛಂದನ ಅದಿ,” ಎಂದುಬಿಟ್ಟ. ಪಾಪ, ಪ್ರೀತಿಯಿಂದ ಹೇಳಿದ್ದು. ಅವತ್ತು ಅವನಿಗೆ ಊಟ ಅಂಗಡಿಗೆ ಬರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಆಗಿತ್ತು. ಶಶಿಕುಮಾರ ಯಾರದೋ ತೊಟ್ಟಿಲ ಕಾರ್ಯಕ್ಕೆ ಹೋದವನು ಹೋಳಿಗೆ ಊಟದ ಪಂಕ್ತಿಯಲ್ಲಿ ಕೂತು, “ನಮ್ಮ ವೈನಿ ಈ ವಯಸ್ಸಿನ್ಯಾಗ ಮೂಗು ತಿದ್ದಿಸ್ಕೊಳ್ಳಾಕ ಹೊಂಟಿದ್ರು, ಕಂಪನಿ ಹಿಡದು ನಿಲ್ಲಿಸ್ತು,” ಎಂದು ನಗಿಸಿದ. ಸುದ್ದಿ ಊಟದೆಲೆ ಎತ್ತುವುದರೊಳಗೆ ಸಂಗವ್ವನ ಕಿವಿ ಮುಟ್ಟಿತು. ಮರುದಿನ ಹನುಮವ್ವ ಶಾಲೆಗೆ ಹೋದರೆ ಗಣಿತದ ಟೀಚರು ಆಕೆಯ ಮೂಗನ್ನೇ ನೋಡುತ್ತ ಮಾತಾಡಿದಳು.

ಭಾನುವಾರ ಶಶಿಕುಮಾರ ಏನೂ ಆಗಿಲ್ಲವೆಂಬಂತೆ ಮನೆಗೆ ಬಂದ. ಬಂದವನಿಗೆ ಹನುಮವ್ವ ಕೂಡ್ರು ಎನ್ನಲಿಲ್ಲ. ಈ ಊರಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

“ಉಗುರಿನಿಂದ ನೆತ್ತಿ ತನಕ ಅಂದಿದ್ದಿಲ್ಲೋ ಶಶಿ?” ಎಂದಳು. “ಅವೆರಡರ ನಡಕ ಮೂಗು ಇರಂಗಿಲ್ಲೇನು?”

“ವೈನಿ, ತಪ್ಪು ನಿಮ್ದು. ಛಂದ ಅಂತ ಯಾಕ ಅಂದ್ರಿ? ಉಸಿರಾಟದ ತೊಂದ್ರಿ ಅಂತ ಅನ್ನಬೇಕಿತ್ತು. ಕಂಪನಿಯಾವ್ರ ಮುಂದ ತೂಕಾ ಮಾಡಿ ಮಾತಾಡಬೇಕಾಗ್ತದ.”

“ಪಾಲಿಸಿ ಮಾರೂ ಮುಂದ ನೀ ತೂಕಾ ಮಾಡಿ ಮಾತಾಡಿದ್ದೇನೋ? ಗಿರಮಿಟ್ಟು ತಿನ್ನೂ ಮುಂದ ನಮ್ಮ ಮಾತು ತಿಳೀತಿತ್ತು, ಈಗ ತಿಳಿಯಂಗಿಲ್ಲ?”

“ಸಿಟ್ಟಾಗಬ್ಯಾಡ್ರಿ ವೈನಿ. ಸಿಟ್ಟಿನ್ಯಾಗ ಕೊಯ್ದ ಮೂಗು ಶಾಂತ ಆದಾಗ ಬರಂಗಿಲ್ಲ ಅಂತಾರ.”

ಮೂಗಿನ ಗಾದೆಯನ್ನು ಮೂಗು ಕಟ್ಟಿದವಳ ಮುಂದೆ ಹೇಳುವ ಬುದ್ಧಿ ಅವನಿಗೆ ಯಾರು ಕೊಟ್ಟರೋ! ಹನುಮವ್ವ ಬಾಗಿಲಿನ ಕಡೆ ಕೈ ತೋರಿಸಿದಳು. ಸಂಗವ್ವ, ಅಲ್ಲಿಯ ತನಕ ಸೊಸೆಯ ಮೇಲೆಯೇ ಮುನಿಸಿಕೊಂಡಿದ್ದವಳು, ಒಳಗಿನಿಂದ ಅವನ ಚಪ್ಪಲಿ ತೋರಿಸಿ, “ಹಾಕ್ಕೊಂಡು ನಡಿಯಪಾ,” ಎಂದಳು. ಸೊಸೆಯನ್ನು ತಾನು ಬೈಯಬಹುದು; ಪಂಕ್ತಿಯಲ್ಲಿ ಕೂತು ಇನ್ನೊಬ್ಬರು ನಗುವಂತಿಲ್ಲ. ಅದು ಆಕೆಯ ನ್ಯಾಯ.

ಸೋಮವಾರ ಹನುಮವ್ವ ರಜೆ ಹಾಕಿ ಹುಬ್ಬಳ್ಳಿಯ ಬಸ್ಸು ಹತ್ತಿದಳು. ಕಂಪನಿಯ ಆಫೀಸು ಕೇಶ್ವಾಪುರದಲ್ಲಿ, ಬಟ್ಟೆ ಅಂಗಡಿಯ ಮಹಡಿಯ ಮೇಲೆ. ಮೆಟ್ಟಿಲು ಹತ್ತುವಾಗಲೇ ನಡುವೆ ನಿಲ್ಲಬೇಕಾಯಿತು. ಶಿಷ್ಯೆಯರನ್ನು ಓಡಿಸಿ ಓಡಿಸಿ ಬೆಳೆಸಿದ ಕಾಲುಗಳು ಗಟ್ಟಿಯಾಗಿದ್ದವು, ಗಾಳಿ ಇರಲಿಲ್ಲ.

ಮ್ಯಾನೇಜರು ಬಸವಪ್ರಭು. ಧಾರವಾಡದವನೇ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಆದರೆ ಕುರ್ಚಿಯಲ್ಲಿ ಕೂತ ಕೂಡಲೇ ಅವನ ಬಾಯಲ್ಲಿ ಟಿ.ವಿ.ಯ ಕನ್ನಡ ಬರುತ್ತಿತ್ತು. “ನೋಡಿ ಮೇಡಂ,” ಎಂದು ಕಂಪ್ಯೂಟರು ತಿರುಗಿಸಿ, ಹನುಮವ್ವನ ದನಿಯನ್ನೇ ಆಕೆಗೆ ಕೇಳಿಸಿದ. ಮೂಗು ಛಂದ ಆಗ್ಲಿ ಅಂತ್ರಿ ಮತ್ತ. ಹಿಂದೆ ಹಾಲು ಉಕ್ಕಿದ ಸದ್ದೂ ಇತ್ತು.

“ಡಾಕ್ಟರು ಬರೆದಿರೋದು ಡಾಕ್ಟರ ಅಭಿಪ್ರಾಯ. ಇದು ನಿಮ್ಮದೇ ಹೇಳಿಕೆ. ನಾವು ಏನೂ ಮಾಡೋಕಾಗಲ್ಲ.”

“ಸಾಹೇಬ್ರ, ಛಂದ ಅಂದ್ರ ಏನಂತ ನಿಮಗ ಗೊತ್ತಿಲ್ಲೇನ್ರಿ?”

“ಚಂದ ಅಂದ್ರೆ ಸೌಂದರ್ಯ, ಮೇಡಂ,” ಎಂದ ಆತ, ಕಣ್ಣು ಮಿಟುಕಿಸದೆ.

ಹನುಮವ್ವನಿಗೆ ಬೈಯಬೇಕೆನಿಸಿತು. ಬೈಗುಳ ಗಂಟಲ ತನಕ ಬಂದರೂ ಉಸಿರು ಸಾಲಲಿಲ್ಲ. ಅದೇ ಒಳ್ಳೆಯದಾಯಿತು. ಯಾಕೆಂದರೆ ಅಷ್ಟರಲ್ಲಿ ಬಸವಪ್ರಭುವಿನ ಮೊಬೈಲು ರಿಂಗಾಯಿತು. ಆತ ಹೆಸರು ನೋಡಿ, ಕುರ್ಚಿಯನ್ನು ಅರ್ಧ ತಿರುಗಿಸಿ, ದನಿ ಇಳಿಸಿದ.

“ಹೇಳ ಯವ್ವಾ… ಆಫೀಸಿನ್ಯಾಗ ಅದೇನಿ… ಗುಳಿಗಿ ತಗೊಂಡಿ?… ನಿನ್ನಿ ರಾತ್ರಿ ಛಂದ ನಿದ್ದಿ ಬಂತಿಲ್ಲೋ?… ಛಂದಂಗ ಉಂಡು ಮಲಕೋ. ಹೂಂ.”

ಫೋನು ಇಡುವುದನ್ನೇ ಹನುಮವ್ವ ಕಾದಳು. ಎದುರಾಳಿ ರೇಡರು ಗೆರೆ ದಾಟಿ ಒಳಗೆ ಬರುವುದನ್ನು ಕಾಯುವ ಹಾಗೆ.

“ಸಾಹೇಬ್ರ,” ಎಂದಳು, ಇಡೀ ಆಫೀಸಿಗೆ ಕೇಳುವಂತೆ, “ನಿಮ್ಮವ್ವಾರು ರಾತ್ರಿ ಪೌಡರ್ ಹಚ್ಕೊಂಡು ನಿದ್ದಿ ಮಾಡ್ತಾರೇನ್ರಿ?”

ಪಕ್ಕದ ಟೇಬಲ್ಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಸವಪ್ರಭುವಿನ ಮುಖ ಕೆಂಪಗಾಯಿತು. “ನಮ್ಮವ್ವನ ಸುದ್ದಿಗೆ ಬರಬ್ಯಾಡ್ರಿ, ಹೇಳಿರ್ತೇನಿ!” ಎಂದು ಎದ್ದು ನಿಂತ.

“ಈಗ ಬಂತು ನೋಡ್ರಿ ನಿಮ್ಮ ಬಾಯಾಗ ನಮ್ಮ ಮಾತು. ನಿಮ್ಮವ್ವಗ ಬೇಕಾದ ಛಂದ ನಿದ್ದೀನ ನನಗೂ ಬೇಕಾಗೇತಿ. ಅವರಿಗೆ ಅದು ನಿದ್ದಿ, ನನಗಾದ್ರ ಸೌಂದರ್ಯ?”

ಮಾತಿಗೆ ಸಿಕ್ಕಿಬಿದ್ದ ಮನುಷ್ಯ ಒಳ್ಳೆಯವನಾಗುತ್ತಾನೆ ಎಂದೇನಿಲ್ಲ. ಆತ ಇನ್ನಷ್ಟು ಬಿಗಿದುಕೊಂಡ. “ಮರುಪರಿಶೀಲನೆಗೆ ಕಳಸ್ತೇನಿ. ಬೆಂಗಳೂರಿನಿಂದ ಮತ್ತೊಮ್ಮೆ ಫೋನ್ ಬರ್ತದ. ಅಲ್ಲಿ ನೀವೇನು ಹೇಳ್ತೀರಿ, ಅದ ಕಡೀ ಮಾತು. ಆಮ್ಯಾಲೆ ಈ ಮೆಟ್ಟಲಾ ಹತ್ತಬ್ಯಾಡ್ರಿ.”

“ನಿಮ್ಮ ಮೆಟ್ಟಲಾ ಹತ್ತಾಕ ನನಗೇನು ಹೌಸಿಲ್ರಿ,” ಎಂದು ಹನುಮವ್ವ ಇಳಿದಳು.

ಈಗ ಎಲ್ಲ ಆ ಒಂದು ಫೋನಿನ ಮೇಲೆ ನಿಂತಿತು. ಮನೆಯಲ್ಲಿ ತಾಲೀಮು ನಡೆಯಿತು. ನೀಲಪ್ಪ ಕಂಪನಿಯ ಹುಡುಗಿಯಾಗುವನು, ಹನುಮವ್ವ ಉತ್ತರ ಕೊಡುವಳು. “ಉಸಿರಾಟದ ತೊಂದರೆ” ಎಂದು ಹೇಳಿ ಹೇಳಿ ಅದು ಆಕೆಯ ನಾಲಿಗೆಗೆ ಹತ್ತಿತು. ಛಂದ ಎಂಬ ಮಾತನ್ನು ಮನೆಯಿಂದಲೇ ಗಡೀಪಾರು ಮಾಡಿದರು. ಸಂಗವ್ವ ಕೂಡ ಪಲ್ಯ ಛಂದ ಆಗೇತಿ ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡಳು.

ಫೋನು ಬಂದದ್ದು ಮೈದಾನದಲ್ಲಿ, ಆಟದ ಅವಧಿಯ ನಡುವೆ. ಅದೇ ಬೆಣ್ಣೆಯ ದನಿ.

“ನಮಸ್ಕಾರ ಮೇಡಂ, ಹೇಗಿದ್ದೀರಾ?”

“ಆರಾಮ ಅದೇನ್ರಿ, ನೀವು ಆರಾಮ?” ಎಂದಳು ಹನುಮವ್ವ.

ಎಂದವಳೇ ಕಲ್ಲಾದಳು. ಈ ಸೀಮೆಯಲ್ಲಿ ಹೇಗಿದ್ದೀ ಎಂದು ಕೇಳಿದವರಿಗೆ ಇದೊಂದೇ ಉತ್ತರ. ಕಾಲು ಮುರಿದು ಮಂಚ ಹಿಡಿದವನೂ ಮೊದಲು ಆರಾಮ ಎನ್ನುತ್ತಾನೆ, ಆಮೇಲೆ ಕಾಲು ತೋರಿಸುತ್ತಾನೆ. ಛಂದವನ್ನು ಕಟ್ಟಿಹಾಕಿದ ಮನೆಯವರಿಗೆ ಯಾರಿಗೂ ಆರಾಮ ನೆನಪಾಗಿರಲಿಲ್ಲ. ಆ ಕಡೆ ಕೀಲಿಗಳು ಟಕಟಕ ಎಂದವು.

“ಆರಾಮಾಗಿದ್ದೀರಾ. ಹಾಗಾದ್ರೆ ಉಸಿರಾಟಕ್ಕೆ ಅಂಥಾ ತೊಂದ್ರೆ ಏನೂ ಇಲ್ಲ ಅಂತ…”

“ಟೈಪು ಮಾಡೂದು ನಿಲ್ಲಿಸವ್ವಾ!” ಎಂದು ಹನುಮವ್ವ ಗುಡುಗಿದಳು. ಹುಡುಗಿಯರೆಲ್ಲ ಇದ್ದಲ್ಲೇ ನಿಂತರು. ತಾಲೀಮು ಮಾಡಿದ ಉತ್ತರ ನಾಲಿಗೆಯ ಮೇಲೆಯೇ ಇತ್ತು. ಆದರೆ ಮಾತಿನ ಮೇಲೆ ಆಕೆಗೆ ನಂಬಿಕೆ ಹೋಗಿತ್ತು. ತಾನು ಆಡುವ ಯಾವ ಮಾತನ್ನೂ ಇವರು ತಿರುಗಿಸಿ ತನ್ನ ಮುಖಕ್ಕೇ ಎಸೆಯಬಲ್ಲರು. “ರೆಕಾರ್ಡ್ ಆಗಾಕತ್ತೈತಲ್ಲ? ಆಗಲಿ. ನಾ ಹೇಳಂಗಿಲ್ಲ. ನೀನ ಕೇಳು.”

ಮೊಬೈಲಿನ ಸ್ಪೀಕರು ಹಾಕಿ, ಅದನ್ನು ಅಂಗಳದ ನಡುಗೆರೆಯ ಮೇಲೆ ಇಟ್ಟಳು. ಸೀರೆಯ ಸೆರಗು ಸಿಕ್ಕಿಸಿದಳು. “ಹಿಡೀರಿ ನನ್ನ!” ಎಂದು ಹುಡುಗಿಯರಿಗೆ ಕೂಗಿ ಗೆರೆ ದಾಟಿದಳು.

ಕಬಡ್ಡಿ ಕಬಡ್ಡಿ ಕಬಡ್ಡಿ ಎಂದು ಶುರುವಾದದ್ದು ಕೆಲವೇ ಹೆಜ್ಜೆಗೆ ಸವೆಯಿತು. ಕಬ್ಬ… ಕಬ್… ಆಮೇಲೆ ಬರೀ ಗೊರಗೊರ. ಎರಡೂ ಹೊಳ್ಳೆ ಕಟ್ಟಿ, ಬಾಯಿಂದ ಗಾಳಿ ಎಳೆಯುವ ಸದ್ದು ತಿದಿ ಹರಿದಂತೆ ಬಂತು. ತೆವಳುತ್ತ ಹಿಂದೆ ಬಂದು, ಫೋನಿನ ಮುಂದೆಯೇ ನೆಲಕ್ಕೆ ಕೈಯೂರಿ ಕೂತಳು. ಬೆಂಗಳೂರಿನಲ್ಲಿ ಕೀಲಿಗಳ ಟಕಟಕ ನಿಂತಿತು. ಆ ಏದುಸಿರೊಂದೇ ಬಹಳ ಹೊತ್ತು ರೆಕಾರ್ಡಾಯಿತು.

“ಇದಕ್ಕ…” ಎಂದಳು ಕೊನೆಗೆ ಹನುಮವ್ವ, “ನಿಮ್ಮ ಕಂಪನ್ಯಾಗ… ಏನಂತಾರ?”

“ಮೇಡಂ,” ಎಂದಿತು ಆ ದನಿ. ಬೆಣ್ಣೆ ಹೋಗಿ ಗಾಬರಿ ಬಂದಿತ್ತು. “ಮೇಡಂ, ನೀರು ಕುಡೀರಿ. ನಾನು ಬರ್ಕೊಳ್ತೀನಿ.”

ಮಂಜೂರಾಯಿತು. ಒಳಗಿನದೂ ಹೊರಗಿನದೂ, ಡಾಕ್ಟರು ಹೇಳಿದ್ದೆಲ್ಲ. ಕ್ಷಮಿಸಿ ಎಂಬ ಒಂದು ಮಾತು ಮಾತ್ರ ಯಾವ ಸಂದೇಶದಲ್ಲೂ ಇರಲಿಲ್ಲ. ಶಶಿಕುಮಾರ ತಾನೇ ಮಾಡಿಸಿಕೊಟ್ಟೆ ಎಂದು ನಾಲ್ಕು ಮನೆಯಲ್ಲಿ ಹೇಳಿಕೊಂಡ. ಹನುಮವ್ವನ ಮನೆಯಲ್ಲಿ ಅವನಿಗೆ ಇವತ್ತಿಗೂ ಕೂಡ್ರು ಎನ್ನುವುದಿಲ್ಲ.

ಪಟ್ಟಿ ಬಿಚ್ಚಿದ ದಿನ ಸಂಗವ್ವ ಚಾಳೀಸಿನ ಕನ್ನಡಕ ಏರಿಸಿಕೊಂಡು ಸೊಸೆಯ ಗದ್ದ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. “ಇನ್ನೂ ಡೊಂಕ ಐತಲ್ಲ ಬೇ!” ಎಂದಳು. ಇತ್ತು. ಡಾಕ್ಟರು ಹೇಳಿದ್ದು ಸುಳ್ಳಾಗಿರಲಿಲ್ಲ. ಹನುಮವ್ವ ಬಾಯಿ ಮುಚ್ಚಿ, ಮೂಗಿನಿಂದ ನಿಧಾನವಾಗಿ ಗಾಳಿ ಎಳೆದಳು. ಹಿತ್ತಲಿನ ಕರಿಬೇವಿನ ವಾಸನೆ, ನೀಲಪ್ಪನ ಅಂಗಿಯ ಶಾಯಿಯ ವಾಸನೆ, ಅತ್ತೆಯ ತಲೆಯೆಣ್ಣೆಯ ವಾಸನೆ, ಎಲ್ಲ ಒಟ್ಟಿಗೆ ಒಳಗೆ ಬಂದವು. ಅತ್ತೆಯ ಮುಂದೆ ಅಳಬಾರದೆಂದು ಎದ್ದು ಬಚ್ಚಲಿಗೆ ಹೋದಳು.

ಡಾಕ್ಟರು ಹೂಂ ಎಂದ ಮೇಲೆಯೇ ಮೈದಾನಕ್ಕಿಳಿದಳು. ಅವತ್ತು ರೇಡಿಗೆ ಹೋದ ಅಕ್ಕೋರು ಒಂದೇ ಉಸಿರಿನಲ್ಲಿ ಇಬ್ಬರನ್ನು ಮುಟ್ಟಿ, ಮೂರನೆಯವಳನ್ನು ಎಳೆದುಕೊಂಡೇ ಗೆರೆ ಸೇರಿದರು. ಹುಡುಗಿಯರು ಈ ಸಲ ನೆಲ ನೋಡಲಿಲ್ಲ. ಕೇಕೆ ಹಾಕಿ ಮೈಮೇಲೆ ಬಿದ್ದರು. ಆ ಗದ್ದಲದ ನಡುವೆಯೇ ಫೋನು ರಿಂಗಾಯಿತು. ಕಂಪನಿಯದು. ಈ ಸಲ ಬೇರೆ ಯಾರೋ ಹುಡುಗ.

“ಈ ಕರೆ ರೆಕಾರ್ಡ್ ಆಗ್ತಿದೆ ಮೇಡಂ. ಆಪರೇಷನ್ ಆದ್ಮೇಲೆ ನಿಮ್ಮ ಮೂಗು ಹೇಗಿದೆ ಅಂತ ತಿಳ್ಕೋಬೇಕಿತ್ತು.”

“ಡೊಂಕ ಐತಿ,” ಎಂದಳು ಹನುಮವ್ವ.

“ಅಯ್ಯೋ. ಹಾಗಾದ್ರೆ ಸರಿ ಹೋಗಿಲ್ವಾ ಮೇಡಂ?”

“ಡೊಂಕ ಐತಿ, ಛಂದ ಆಗೇತಿ. ಎರಡೂ ಬರ್ಕೋ ತಮ್ಮಾ. ಬರ್ಕೊಂಡು ನಿಮ್ಮ ಸಾಹೇಬ್ರಿಗೆ ತೋರಿಸು, ಛಂದ ಅಂದ್ರ ಏನಂತ.”